ಅಲ್‌ಝೈಮರ್ ರೋಗಕ್ಕೆ ಮದ್ದು ಸಿಕ್ಕಿತೇ?



ಈ ಪ್ರಶ್ನೆಯನ್ನು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ವೈದ್ಯರು ಸಾಮಾನ್ಯವಾಗಿ ಬರೆಯುವ ಡೊನೆಪೆಝಿಲ್ ಮಾತ್ರೆಯನ್ನು ರೂಪಿಸಿದ್ದು ಜಪಾನಿನ ಹಚಿರೊ ಸುಗಿಮೊಟೊ ಅವರ ತಂಡ. ಅವರ ತಾಯಿಗೇ ಮರೆವಿನ ಕಾಯಿಲೆಯಿತ್ತು. 1996ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ನೀಡಿತು. ಮೆದುಳಿನಲ್ಲಿ ಸಂದೇಶ ಸಾಗಿಸುವ ಅಸಿಟೈಲ್‌ಕೊಲಿನ್ ಬೇಗ ನಾಶವಾಗದಂತೆ ಅದು ತಡೆಯುತ್ತದೆ. ಸಾಯುತ್ತಿರುವ ಜೀವಕೋಶಗಳನ್ನು ಉಳಿಸದು.

ರೋಗದ ಬೇರನ್ನೇ ಕೀಳಲು ವಿಜ್ಞಾನಿಗಳು ಗುರಿಯಿಟ್ಟದ್ದು ಮೆದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನಿನ ಮೇಲೆ. ಸೆಮಗಾಸೆಸ್ಟಾಟ್ ಎಂಬ ಔಷಧದ ಪ್ರಯೋಗವನ್ನು 2010ರಲ್ಲಿ ನಿಲ್ಲಿಸಬೇಕಾಯಿತು. ಅದನ್ನು ಸೇವಿಸಿದವರ ಸ್ಥಿತಿ ಹುಸಿ ಮಾತ್ರೆ ನುಂಗಿದವರಿಗಿಂತಲೂ ಕೆಟ್ಟಿತ್ತು!

2023ರಲ್ಲಿ ಅಮೆರಿಕದ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮಾಬ್ ರೋಗವನ್ನು ಶೇಕಡಾ 27ರಷ್ಟು ನಿಧಾನಗೊಳಿಸಿತು ಎನ್ನುತ್ತಾರೆ. ಲೆಕ್ಕ ಬಿಡಿಸಿ ನೋಡಿ. ಅಳತೆ ಒಟ್ಟು 18 ಅಂಕಗಳದ್ದು. ಹದಿನೆಂಟು ತಿಂಗಳಲ್ಲಿ ಔಷಧ ಪಡೆಯದವರು 1.66 ಅಂಕ ಕುಸಿದರೆ, ಪಡೆದವರು 1.21. ವ್ಯತ್ಯಾಸ ಅರ್ಧ ಅಂಕಕ್ಕೂ ಕಡಿಮೆ. ಇಷ್ಟಕ್ಕೆ ಪ್ರಯೋಗದಲ್ಲಿ ಎರಡು ವಾರಕ್ಕೊಮ್ಮೆ ಡ್ರಿಪ್. ಮೆದುಳು ಊದಿದೆಯೇ, ರಕ್ತ ಒಸರಿದೆಯೇ ಎಂದು ಮತ್ತೆ ಮತ್ತೆ ಎಂಆರ್‌ಐ. ಅದೂ ರೋಗದ ಆರಂಭದ ಹಂತದಲ್ಲಿರುವವರಿಗೆ ಮಾತ್ರ.

ಇದು ನಿಷ್ಪ್ರಯೋಜಕ ಎನ್ನಲಾರೆ. ಆದರೆ ಹೋದ ನೆನಪನ್ನು ಮರಳಿಸುವ ಮದ್ದು ಇನ್ನೂ ಬಂದಿಲ್ಲ. ಇದೆಯೆಂದು ಮಾರುವವರಿಗೆ ಚಿನ್ನ ಅಡವಿಟ್ಟು ಹಣ ಕೊಡಬೇಡಿ. ಮನೆಯ ಹಿರಿಯರು ಕೇಳಿದ್ದನ್ನೇ ಕೇಳತೊಡಗಿದರೆ 'ಪ್ರಾಯವಾಯಿತು' ಎಂದು ಬಿಡದೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ತೊಂದರೆ ಅಥವಾ ಬಿ12 ಕೊರತೆಯಿಂದಲೂ ಮರೆವು ಬರುವುದುಂಟು, ಅದಕ್ಕೆ ಚಿಕಿತ್ಸೆಯಿದೆ.