ಲ್ಯಾಪ್‌ಟಾಪ್ ಕೆಟ್ಟಾಗ ಮೊದಲು ಮಾಡಬೇಕಾದುದೇನು?
(ಗೋರೆಗಾಂವ್‌ನಲ್ಲಿ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದಿರುವ ನಿಮ್ಮನ್ನು ನಾವು ಹೆಚ್ಚು ಹೊತ್ತು ಕೂರಿಸುವುದಿಲ್ಲ. ಇಂದಿನ ಮಾತು ಮನೆಯ ಲ್ಯಾಪ್‌ಟಾಪಿನದು. ದುಡಿಯುವವರಿಗೂ ಅದಕ್ಕೂ ಏನು ಸಂಬಂಧವೆಂದು ಕೇಳಬೇಡಿರಿ. ಮಗನ ಕಾಲೇಜಿನ ಪಾಠ, ಮಗಳ ಕೆಲಸದ ಅರ್ಜಿ, ಭವಿಷ್ಯನಿಧಿಯ ಕಾಗದ, ಊರಿನ ಜಾಗದ ಪಹಣಿ, ಎಲ್ಲವೂ ಈಗ ಆ ಪೆಟ್ಟಿಗೆಯೊಳಗೇ ಇವೆ.

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದುದನ್ನು ಹೇಳುತ್ತೇವೆ. ಲ್ಯಾಪ್‌ಟಾಪಿನ ಬ್ಯಾಟರಿ ಮೊದಲೇ ಸತ್ತಿತ್ತು. ಒಂದು ರಾತ್ರಿ ಅಪ್‌ಡೇಟ್ ನಡೆಯುತ್ತಿದ್ದಾಗಲೇ ಕರೆಂಟು ಹೋಯಿತು. ಮತ್ತೆ ಹಚ್ಚಿದರೆ ನೀಲಿ ಪರದೆ. ತಾನೇ ಆರುತ್ತದೆ, ತಾನೇ ಹೊತ್ತುತ್ತದೆ, ಆದರೆ ಪೂರ್ತಿ ಏಳುವುದಿಲ್ಲ. ಅದರೊಳಗೆ ಮಗಳ ಪರೀಕ್ಷೆಯ ಪ್ರಾಜೆಕ್ಟ್ ಇತ್ತು. ತೀರಿಕೊಂಡ ಅಮ್ಮನ ಫೋಟೋಗಳಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ.

ರಿಪೇರಿ ಅಂಗಡಿಗೆ ಒಯ್ದೆವು. “ಫಾರ್ಮ್ಯಾಟ್ ಮಾಡಿ ಕೊಡುತ್ತೇವೆ, ಸಂಜೆ ಬನ್ನಿ” ಎಂದರು. ಒಳಗೆ ಏನಿದೆಯೆಂದು ಅವರು ಕೇಳಲಿಲ್ಲ. ಫಾರ್ಮ್ಯಾಟ್ ಎಂದರೇನೆಂದು ನಾವೂ ಕೇಳಲಿಲ್ಲ. ಜೊತೆಗೆ ಬಂದಿದ್ದ ಮಗಳು ತಡೆದಳು: “ಅಪ್ಪ, ಬೇಡ. ಹಾಗೆ ಮಾಡಿದರೆ ಅಜ್ಜಿಯ ಫೋಟೋ ಎಲ್ಲ ಅಳಿಸಿಹೋಗುತ್ತದೆ.”

ಗಿರಣಿಯಲ್ಲಿ ದುಡಿದ ಹಿರಿಯರು ಇಲ್ಲಿದ್ದೀರಿ. ಮಗ್ಗದಲ್ಲಿ ಒಂದು ಎಳೆ ತುಂಡಾದರೆ ಮಗ್ಗ ನಿಲ್ಲಿಸಿ ಎಳೆಗೆ ಗಂಟು ಹಾಕುತ್ತಿದ್ದಿರೋ, ನೆಯ್ದ ಬಟ್ಟೆಯನ್ನೇ ಹರಿದೆಸೆಯುತ್ತಿದ್ದಿರೋ?

ಯಂತ್ರ ಏಳಲಿಲ್ಲವೆಂದರೆ ಒಳಗಿನದು ಹೋಯಿತೆಂದು ಅರ್ಥವಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಒಂದು ದೋಷದ ಅಪ್‌ಡೇಟಿನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲೇ ಬರೆದು ಕೊಟ್ಟರು. ಅದಕ್ಕೆ ಮದ್ದೇನು? ಸೇಫ್ ಮೋಡಿನಲ್ಲಿ ತೆರೆದು ಆ ಕೆಟ್ಟ ಫೈಲನ್ನು ಅಳಿಸುವುದು, ಅಷ್ಟೇ.

ಆದುದರಿಂದ ಕ್ರಮವಾಗಿ ನಡೆಯಿರಿ. ಗ್ರೈಂಡರ್ ನಿಂತರೆ ಭಟ್ಟರು ಮೊದಲು ಪ್ಲಗ್ಗು ನೋಡುತ್ತಾರಲ್ಲವೇ? ಇಲ್ಲಿಯೂ ಹಾಗೆಯೇ. ಬೇರೆ ಪ್ಲಗ್ಗಿಗೆ ಹಾಕಿ ನೋಡಿರಿ. ಪೆನ್‌ಡ್ರೈವ್, ಮೌಸ್ ಎಲ್ಲ ತೆಗೆಯಿರಿ. ಚಾರ್ಜರ್ ಕಿತ್ತು ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು, ಮತ್ತೆ ಹಚ್ಚಿರಿ. ಫ್ಯಾನು ತಿರುಗಿ ಪರದೆ ಮಾತ್ರ ಕಪ್ಪಾಗಿದ್ದರೆ ಟಿ.ವಿ.ಗೆ ಜೋಡಿಸಿರಿ, ಅಲ್ಲಿ ಚಿತ್ರ ಬಂದರೆ ದೋಷ ಬಹುಶಃ ಪರದೆಯದು ಮಾತ್ರ.

ಎರಡು ಮೂರು ಸಲ ಏಳಲಾರದೆ ನಿಂತರೆ ವಿಂಡೋಸ್ ಸಾಮಾನ್ಯವಾಗಿ ತಾನೇ ರಿಪೇರಿಯ ಪುಟ ತೋರಿಸುತ್ತದೆ. ಅಲ್ಲಿ ಸ್ಟಾರ್ಟಪ್ ರಿಪೇರ್, ಆಮೇಲೆ ಕೊನೆಯ ಅಪ್‌ಡೇಟನ್ನು ತೆಗೆಯುವುದು, ಆಮೇಲೆ ಸೇಫ್ ಮೋಡ್. ‘ರಿಮೂವ್ ಎವ್ರಿಥಿಂಗ್’ ಎಂದಿರುವಲ್ಲಿ ಮಾತ್ರ ಬೆರಳಿಡಬೇಡಿರಿ. 48 ಅಂಕಿಗಳ ಕೀಲಿ ಕೇಳಿದರೆ ಹೆದರಬೇಡಿರಿ; ಫೋನಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆ ತೆರೆದರೆ ಅನೇಕ ವೇಳೆ ಅಲ್ಲಿ ಸಿಗುತ್ತದೆ. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಸದ್ದು ಬಂದರೆ ಕೂಡಲೇ ಆರಿಸಿರಿ. ಮತ್ತೆ ಹಚ್ಚಿದಷ್ಟೂ ನಷ್ಟ. ಒಳಗಿನದನ್ನು ಹೊರತೆಗೆಯಬಲ್ಲವರಲ್ಲಿಗೇ ಒಯ್ಯಿರಿ.

ನಮ್ಮದು ಆ ಅಪ್‌ಡೇಟನ್ನು ತೆಗೆದ ಮೇಲೆ ಎದ್ದಿತು. ಆ ರಾತ್ರಿಯೇ ಫೋಟೋಗಳ ಪ್ರತಿ ಮಾಡಿ ಮಲಗಿದೆವು.

ಅಂಗಡಿಗೆ ಕೊಡಲೇಬೇಕಾದರೆ, “ಒಳಗಿನದು ಬೇಕು, ಕೇಳದೆ ಅಳಿಸಕೂಡದು” ಎಂದು ರಸೀತಿಯ ಮೇಲೆ ಬರೆಸಿರಿ. ಓದದೆ ಸಹಿ ಹಾಕಬೇಡಿರೆಂದು ಸಂಬಳದ ಚೀಟಿಯ ವಿಷಯದಲ್ಲಿ ಹೇಳುವ ಮಾತೇ ಇದು.

ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು ನಮ್ಮ ಹಿರಿಯರು. ಈ ವಿದ್ಯೆಯೂ ನಮಗೆ ದಕ್ಕದ್ದಲ್ಲ. ಬಲ್ಲ ಹುಡುಗ ಹುಡುಗಿಯರು ಭಾನುವಾರ ಒಂದು ಗಂಟೆ ಸಂಘದಲ್ಲಿ ಕುಳಿತು ಉಳಿದವರಿಗೆ ಕಲಿಸಲಿ ಎಂದು ಕೇಳಿಕೊಳ್ಳುತ್ತೇವೆ.

ಇನ್ನೊಂದು ಮಾತು. ಬೇಕಾದುದರ ಒಂದು ಪ್ರತಿ ಪೆನ್‌ಡ್ರೈವಿನಲ್ಲಿರಲಿ, ಇನ್ನೊಂದು ಊರಿನ ಅಣ್ಣನ ಮನೆಯಲ್ಲಿರಲಿ. ಊರಿಗೆ ರೈಲು ಹತ್ತುವಾಗ ಹಣವನ್ನೆಲ್ಲ ಒಂದೇ ಜೇಬಿನಲ್ಲಿಡುವವರು ನಮ್ಮಲ್ಲಿ ಯಾರಿದ್ದಾರೆ?