ಪೋಕರ್: ಮೊದಲು ಕಲಿಯಬೇಕಾದದ್ದು ಎಲೆ ಬಿಡುವುದು

(ಗ್ರಂಥಾಲಯವೊಂದರ ಭಾನುವಾರದ ಮಾತುಕತೆಯಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ.)



ಗ್ರಂಥಾಲಯದಲ್ಲಿ ನಿಂತು ಇಸ್ಪೀಟಿನ ಬಗ್ಗೆ ಮಾತನಾಡುವುದು ಸ್ವಲ್ಪ ಸಂಕೋಚದ ಸಂಗತಿಯೇ. ನಮ್ಮ ಎಷ್ಟೋ ಮನೆಗಳಲ್ಲಿ ಇಸ್ಪೀಟ್ ಕಟ್ಟು ಕಪಾಟಿನ ಮೇಲಿನ ಅರೆಯಲ್ಲಿರುತ್ತದೆ. ಮದುವೆ ಮನೆಯ ರಾತ್ರಿಯೋ ಯುಗಾದಿಯ ಮಧ್ಯಾಹ್ನವೋ ಬಂದರೆ ಮಾತ್ರ ಕೆಳಗಿಳಿಯುತ್ತದೆ.

ಪತ್ರಿಕೆಗೆ ಸೇರಿದ ಹೊಸದರಲ್ಲಿ ನಾನು ಬರೆದ ಸುದ್ದಿಗಳಲ್ಲಿ ಹಲವು ಒಂದೇ ಅಚ್ಚಿನವು. ಜೂಜು ಅಡ್ಡೆಯ ಮೇಲೆ ದಾಳಿ, ಇಷ್ಟು ಜನರ ಬಂಧನ, ಇಷ್ಟು ನಗದು ಮತ್ತು 52 ಇಸ್ಪೀಟ್ ಎಲೆಗಳ ವಶ. ಪೊಲೀಸರು ಅಂದರ್ ಬಾಹರ್ ಎಂದರೆ ಅಂದರ್ ಬಾಹರ್, ಪೋಕರ್ ಎಂದರೆ ಪೋಕರ್ ಎಂದು ಬರೆದು ಕಳಿಸುತ್ತಿದ್ದೆ. ಎರಡಕ್ಕೂ ಏನು ವ್ಯತ್ಯಾಸ ಎಂದು ನನಗೂ ಗೊತ್ತಿರಲಿಲ್ಲ, ಸುದ್ದಿ ತಿದ್ದುವವರೂ ಕೇಳಲಿಲ್ಲ. 2024ರಲ್ಲಿ ಅಂಥದೊಂದು ಸುದ್ದಿ ಅಚ್ಚಾದ ದಿನ ಒಬ್ಬ ತಂದೆ ಕಚೇರಿಗೆ ಫೋನ್ ಮಾಡಿದರು. ಎಂಜಿನಿಯರಿಂಗ್ ಓದುತ್ತಿದ್ದ ಅವರ ಮಗ ಮೊಬೈಲಿನಲ್ಲಿ ಪೋಕರ್ ಆಡಿ ಕಾಲೇಜು ಶುಲ್ಕ ಕಳೆದುಕೊಂಡಿದ್ದ. ಕೇಳಿದರೆ, 'ಅಪ್ಪಾ, ಇದು ಜೂಜಲ್ಲ, ಬುದ್ಧಿಯ ಆಟ' ಎನ್ನುತ್ತಿದ್ದನಂತೆ. 'ನೀವು ಪೇಪರಿನವರು ಜೂಜು ಅಂತ ಬರೀತೀರಿ, ಅವನು ಅಲ್ಲ ಅಂತಾನೆ. ಆಟದ ನಿಯಮ ಏನು ಸ್ವಾಮಿ? ಅದನ್ನ ಹೇಳಿ, ಆಮೇಲೆ ನಾನು ಮಗನ ಹತ್ತಿರ ಜಗಳ ಆಡ್ತೀನಿ' ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಕಲಿತು ಹೇಳುತ್ತೇನೆ ಎಂದೆ. ಇವತ್ತಿನ ಮಾತು ಆ ಕಲಿಕೆಯ ವರದಿ ಎಂದುಕೊಳ್ಳಿ.

ಮೊದಲು ಆಟದ ಊರು. 19ನೇ ಶತಮಾನದ ಆರಂಭದ ದಶಕಗಳಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಸುತ್ತಮುತ್ತ ಇದು ರೂಪುಗೊಂಡಿತು. ಫ್ರೆಂಚರು ನೆಲೆಸಿದ್ದ ಊರು ಅದು. ಅವರ 'ಪೋಕ್' ಎಂಬ ಆಟದಿಂದಲೇ ಹೆಸರು ಬಂದಿತೆಂದು ಬಹಳ ಮಂದಿ ಚರಿತ್ರಕಾರರು ಹೇಳುತ್ತಾರೆ. ಅಲ್ಲಿಂದ ಅದು ಮಿಸಿಸಿಪ್ಪಿ ನದಿಯ ಹಬೆ ಹಡಗುಗಳನ್ನೇರಿತು. ಕಿಸೆಯಲ್ಲಿ ಹಣವಿದ್ದ ವ್ಯಾಪಾರಿಗಳು, ದಿನಗಟ್ಟಲೆ ಪ್ರಯಾಣ, ಮಾಡಲು ಬೇರೆ ಕೆಲಸವಿಲ್ಲ. ಜೋಸೆಫ್ ಕೋವೆಲ್ ಎಂಬ ಇಂಗ್ಲಿಷ್ ನಟ 1829ರಲ್ಲಿ ಅಂಥ ಹಡಗಿನಲ್ಲಿ ಈ ಆಟ ಕಂಡದ್ದನ್ನು ಮುಂದೆ ತನ್ನ ನೆನಪಿನ ಪುಸ್ತಕದಲ್ಲಿ ಬರೆದ. ಆಗ ಇದ್ದದ್ದು 20 ಎಲೆ ಮಾತ್ರ: ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ನಾಲ್ವರಿಗೆ ಐದೈದು ಹಂಚಿದರೆ ಕಟ್ಟು ಖಾಲಿ. ಆಮೇಲೆ 52 ಎಲೆ ಬಂದವು, ಆಡುವವರು ಹೆಚ್ಚಿದರು, 1861ರಿಂದ 65ರವರೆಗಿನ ಅಂತರ್ಯುದ್ಧದ ಸೈನಿಕರು ಅದನ್ನು ದೇಶದ ಉದ್ದಗಲಕ್ಕೂ ಒಯ್ದರು. ಈಗ ಹೆಚ್ಚಾಗಿ ಆಡುವ 'ಟೆಕ್ಸಾಸ್ ಹೋಲ್ಡೆಮ್' ಎಂಬ ಬಗೆ 20ನೇ ಶತಮಾನದ್ದು. ಅದರ ಹುಟ್ಟೂರು ರಾಬ್ಸ್‌ಟೌನ್ ಎಂದು ಟೆಕ್ಸಾಸಿನ ಶಾಸನಸಭೆ 2007ರಲ್ಲಿ ನಿರ್ಣಯ ಮಾಡಿದೆ. ಶಾಸಕರಿಗೆ ಎಲ್ಲ ಕಡೆಯೂ ಬಿಡುವಿರುತ್ತದೆ!

ಇನ್ನು ನಿಯಮ. ಆರು ಜನ ಸುತ್ತ ಕುಳಿತಿದ್ದಾರೆ, ಪ್ರತಿಯೊಬ್ಬರ ಮುಂದೆ 50 ಹುಣಸೆ ಬೀಜ ಇದೆ ಎಂದುಕೊಳ್ಳಿ. ಎಲೆ ಹಾಕುವವನ ಎಡಗಡೆಯವನು ಎಲೆ ನೋಡುವ ಮೊದಲೇ ಒಂದು ಬೀಜ, ಅವನ ಪಕ್ಕದವನು ಎರಡು ಬೀಜ ನಡುವೆ ಇಡಬೇಕು. ಇದಕ್ಕೆ ಬ್ಲೈಂಡ್ ಎನ್ನುತ್ತಾರೆ. ನಮ್ಮ ಮೂರೆಲೆ ಆಟದ ಬ್ಲೈಂಡೇ ಬೇರೆ, ಗೊಂದಲ ಬೇಡ. ನಡುವೆ ಏನೂ ಇಲ್ಲದಿದ್ದರೆ ಆಡಲು ಕಾರಣವೇ ಇರುವುದಿಲ್ಲ, ಅದಕ್ಕೇ ಈ ಕಡ್ಡಾಯದ ಬೀಜ. ಪ್ರತಿ ಆಟಕ್ಕೂ ಈ ಸರದಿ ಒಂದು ಸ್ಥಾನ ಮುಂದಕ್ಕೆ ಹೋಗುತ್ತದೆ.

ಪ್ರತಿಯೊಬ್ಬರಿಗೂ ಎರಡು ಗುಟ್ಟಿನ ಎಲೆ. ಅದನ್ನು ನೋಡಿ ಮೂರರಲ್ಲಿ ಒಂದು ಮಾಡಬಹುದು: ಆಗಲೇ ಕಟ್ಟಿರುವಷ್ಟು ಬೀಜ ತಾನೂ ಹಾಕಿ ಉಳಿಯುವುದು, ಇನ್ನೂ ಏರಿಸುವುದು, ಇಲ್ಲವೇ ಎಲೆ ಬಿಟ್ಟು ಸುಮ್ಮನಾಗುವುದು. ಎಲ್ಲರ ಲೆಕ್ಕ ಸಮವಾದ ಮೇಲೆ ನಡುವೆ ಮೂರು ಎಲೆ ಮುಖ ಮೇಲಾಗಿ ಬೀಳುತ್ತವೆ. ಅವು ಎಲ್ಲರಿಗೂ ಸೇರಿದವು. ಮತ್ತೆ ಒಂದು ಸುತ್ತು ಪಣ. ಈಗ ಯಾರೂ ಇನ್ನೂ ಕಟ್ಟಿಲ್ಲವಾದರೆ ಏನೂ ಹಾಕದೆ ಸರದಿ ದಾಟಿಸಲೂಬಹುದು. ಆಮೇಲೆ ನಾಲ್ಕನೆಯ ಎಲೆ, ಒಂದು ಸುತ್ತು. ಐದನೆಯ ಎಲೆ, ಕೊನೆಯ ಸುತ್ತು. ಆಗಲೂ ಇಬ್ಬರು ಉಳಿದಿದ್ದರೆ ಶೋ. ಕೈಯ ಎರಡು, ನೆಲದ ಐದು, ಒಟ್ಟು ಏಳರಲ್ಲಿ ಯಾರ ಅತ್ಯುತ್ತಮ ಐದು ಎಲೆ ಮೇಲೋ ಅವರಿಗೆ ನಡುವಿನ ರಾಶಿ. ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಎಲೆ ಬಿಟ್ಟರೆ ಅವನು ಕೈ ತೋರಿಸುವ ಅಗತ್ಯವೂ ಇಲ್ಲ, ರಾಶಿ ಅವನದು. ಪೋಕರಿನ ಸ್ವಾರಸ್ಯವೂ ಅಪಾಯವೂ ಈ ಕೊನೆಯ ವಾಕ್ಯದಲ್ಲಿವೆ. ಅದಕ್ಕೆ ಆಮೇಲೆ ಬರುತ್ತೇನೆ.

ಯಾವ ಕೈ ಮೇಲು? ಇದನ್ನು ಬಾಯಿಪಾಠ ಮಾಡಿಸುವವರೇ ಹೆಚ್ಚು, ನನಗೆ ಲೆಕ್ಕವೇ ಸುಲಭವಾಯಿತು. 52 ಎಲೆಗಳಿಂದ ಐದನ್ನು ಆರಿಸಲು 25,98,960 ದಾರಿಗಳಿವೆ. ಅಪರೂಪವಾದದ್ದು ಮೇಲು, ಅಷ್ಟೇ ಸೂತ್ರ. ಒಂದೇ ಗುರುತಿನ ಐದು ಎಲೆ ಸಾಲಾಗಿ ಬರುವುದು, ಎಕ್ಕದಿಂದ ಹತ್ತರವರೆಗಿನ ರಾಜಯೋಗವೂ ಸೇರಿ, 40 ರೀತಿ ಮಾತ್ರ. ಒಂದೇ ಅಂಕಿಯ ನಾಲ್ಕು ಎಲೆ ಬರುವುದು 624 ರೀತಿ. ಮೂರು ಒಂದು ಅಂಕಿಯವು, ಎರಡು ಇನ್ನೊಂದು ಅಂಕಿಯವು ಬಂದರೆ ಅದು ಫುಲ್ ಹೌಸ್, 3,744 ರೀತಿ. ಸಾಲಾಗಿಲ್ಲದಿದ್ದರೂ ಐದೂ ಒಂದೇ ಗುರುತಿನವಾದರೆ ಫ್ಲಶ್, 5,108. ಗುರುತು ಬೆರೆತ ಸಾಲು 10,200. ಮೂರು ಸಮಾನ ಎಲೆ 54,912. ಅದರ ಕೆಳಗೆ ಎರಡು ಜೋಡಿ, ಆಮೇಲೆ ಒಂದು ಜೋಡಿ. ಒಂದು ಜೋಡಿಯೇ 10,98,240 ರೀತಿಯಲ್ಲಿ ಬರುತ್ತದೆ. ಏನೂ ಕೂಡದ ಕೈಗಳು 13 ಲಕ್ಷಕ್ಕೂ ಹೆಚ್ಚು. ಅಲ್ಲಿ ದೊಡ್ಡ ಎಲೆಯೇ ಗೆಲ್ಲುವುದು.

ಮೂರೆಲೆ ಆಡಿ ಬಂದವರು ಮುಗ್ಗರಿಸುವುದು ಇಲ್ಲೇ. ಅಲ್ಲಿ ಸಾಲು ದೊಡ್ಡದು, ಒಂದೇ ಗುರುತಿನ ಕಲರ್ ಚಿಕ್ಕದು. ಇಲ್ಲಿ ತಿರುಗುಮುರುಗು. ಇದು ಯಾರದೋ ಮನಸೋ ಇಚ್ಛೆಯಲ್ಲ. ಮೂರೇ ಎಲೆ ಹಂಚಿದಾಗ ಬರಿಯ ಸಾಲು 720 ರೀತಿ, ಕಲರ್ 1,096 ರೀತಿ ಬರುತ್ತದೆ. ಎಲೆ ಐದಾದಾಗ ಅಪರೂಪ ಯಾವುದೆಂಬುದೇ ಬದಲಾಗುತ್ತದೆ. ತಮಾಷೆಯೆಂದರೆ, ಮೂರೆಲೆಯವರು ಒಂದು ಕಡೆ ಲೆಕ್ಕ ತಪ್ಪಿದ್ದಾರೆ. ಅವರಿಗೆ ಮೂರು ಸಮಾನ ಎಲೆಯೇ ಎಲ್ಲಕ್ಕಿಂತ ದೊಡ್ಡದು, ಅದು 52 ರೀತಿ ಬರುತ್ತದೆ. ಒಂದೇ ಗುರುತಿನ ಸಾಲು ಬರುವುದು 48 ರೀತಿ ಮಾತ್ರ! ಇನ್ನೊಂದು ಮಾತು: ಪೋಕರಿನಲ್ಲಿ ಇಸ್ಪೀಟು, ಆಟಿನ್, ಡೈಮಂಡ್, ಕಳಾವರ್ ಎಲ್ಲ ಸಮಾನ. 'ನನ್ನದು ಇಸ್ಪೀಟ್ ಎಕ್ಕ' ಎಂದು ಮೀಸೆ ತಿರುವುವಂತಿಲ್ಲ.

ಈಗ ಬುದ್ಧಿಯ ಪಾಲು ಎಷ್ಟು ನೋಡೋಣ. ನನ್ನ ಕೈಯಲ್ಲಿ ಆಟಿನ್ ಎಕ್ಕ, ಆಟಿನ್ ಒಂಬತ್ತು. ನೆಲದಲ್ಲಿ ಆಟಿನ್ ಗುಲಾಮ, ಆಟಿನ್ ನಾಲ್ಕು, ಕಳಾವರ್ ಏಳು. ಇನ್ನೊಂದು ಆಟಿನ್ ಬಂದರೆ ಫ್ಲಶ್. ನಾನು ಕಾಣದ ಎಲೆ 47, ಅದರಲ್ಲಿ ಆಟಿನ್ 9. ಮುಂದಿನ ಎಲೆಯಲ್ಲೇ ಬರುವ ಸಾಧ್ಯತೆ ಸುಮಾರು ಐದರಲ್ಲಿ ಒಂದು. ರಾಶಿಯಲ್ಲಿ 40 ಬೀಜವಿದೆ, ಎದುರಿನವನು 10 ಕಟ್ಟಿದ. 50 ಬೀಜಕ್ಕಾಗಿ ನಾನು 10 ಹಾಕಬೇಕು. ಆರು ಸಲದಲ್ಲಿ ಒಂದು ಸಲ ಗೆದ್ದರೂ ನಷ್ಟವಿಲ್ಲ; ನನ್ನದು ಐದರಲ್ಲಿ ಒಂದು. ಉಳಿಯಬಹುದು. ಅದೇ ಅವನು 40 ಕಟ್ಟಿದ್ದರೆ? 80ಕ್ಕಾಗಿ 40 ಹಾಕಬೇಕು. ಮೂರರಲ್ಲಿ ಒಂದು ಸಲ ಗೆಲ್ಲದಿದ್ದರೆ ನಷ್ಟ. ಎಲೆ ಅದೇ, ಆಸೆ ಅದೇ, ಆದರೆ ಈಗ ಬಿಡಬೇಕು. ಅಂದರ್ ಬಾಹರ್‌ನಲ್ಲಿ ಇಂಥ ತೀರ್ಮಾನಕ್ಕೆ ಜಾಗವೇ ಇಲ್ಲ. ಎಲೆ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎಂದು ಕಣ್ಣು ಬಿಟ್ಟು ಕೂರುವುದಷ್ಟೇ.

ಹೊಸಬರು ಕೆಡುವುದು ಬಿಡಲಾರದೆ. ಕೈಗೆ ಬಂದ ಎರಡೆಲೆಗೆ ಏನಾದರೂ ಆಗಬಹುದು ಎಂಬ ಮೋಹ. ನಾನೂ ಮೊದಲ ಸಂಜೆ ಹಾಗೇ ಆಡಿ 50 ಬೀಜವನ್ನೂ ಕಳೆದುಕೊಂಡೆ. ಕೈಯಲ್ಲೇ ಎರಡು ಎಕ್ಕ ಬರುವುದು 221 ಸಲದಲ್ಲಿ ಒಮ್ಮೆ. ಚೆನ್ನಾಗಿ ಆಡುವವರು, ಅದರಲ್ಲೂ ಮೇಜಿನಲ್ಲಿ ಹೆಚ್ಚು ಜನ ಇದ್ದಾಗ, ಬಹುಪಾಲು ಕೈಗಳನ್ನು ಒಂದು ಬೀಜವನ್ನೂ ಹಾಕದೆ ಬಿಡುತ್ತಾರೆ. ಸಿನಿಮಾದಲ್ಲಿ ಇದನ್ನು ತೋರಿಸುವುದಿಲ್ಲ, ಏಕೆಂದರೆ ನೋಡಲು ಬೇಸರ.

ಆಗ ಹೇಳಿದ ವಾಕ್ಯಕ್ಕೆ ಬರುತ್ತೇನೆ. ಕೈ ತೋರಿಸದೆಯೂ ಗೆಲ್ಲಬಹುದು ಎಂದಮೇಲೆ ಸುಳ್ಳಿಗೆ ಬೆಲೆ ಬಂತು. ಕೆಟ್ಟ ಎಲೆ ಹಿಡಿದು ದೊಡ್ಡ ಪಣ ಕಟ್ಟಿ ಎದುರಿನವನನ್ನು ಓಡಿಸುವುದೇ ಬ್ಲಫ್. ಇದು ಬರೀ ಗುಂಡಿಗೆಯ ಮಾತು ಎಂದು ನಾನು ತಿಳಿದಿದ್ದೆ. ಗಣಿತಜ್ಞ ಜಾನ್ ವಾನ್ ನಾಯ್ಮನ್ 1928ರಲ್ಲಿ ಆಟಗಳ ಸಿದ್ಧಾಂತದ ಲೇಖನ ಬರೆದವರು. 1944ರಲ್ಲಿ ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗನ್‌ಸ್ಟರ್ನ್ ಜೊತೆ ಬರೆದ ದೊಡ್ಡ ಪುಸ್ತಕದಲ್ಲಿ ಪೋಕರಿಗೇ ಒಂದು ಭಾಗ ಕೊಟ್ಟರು. ಒಳ್ಳೆಯ ಎಲೆ ಬಂದಾಗ ಮಾತ್ರ ಕಟ್ಟುವವನನ್ನು ಎಲ್ಲರೂ ಬೇಗ ಅರಿತುಬಿಡುತ್ತಾರೆ, ಅವನು ಕಟ್ಟಿದೊಡನೆ ಬಿಡುತ್ತಾರೆ. ಆಗ ಅವನ ಒಳ್ಳೆಯ ಎಲೆಗೂ ಕಾಸು ಹುಟ್ಟುವುದಿಲ್ಲ. ಆಗೊಮ್ಮೆ ಈಗೊಮ್ಮೆ ಹೇಳುವ ಸುಳ್ಳು ನಿಜಕ್ಕೆ ಬೆಲೆ ತರುತ್ತದೆ. ಎಷ್ಟು ಸಲ ಎಂಬುದು ಲೆಕ್ಕಕ್ಕೆ ಸಿಗುವ ಸಂಗತಿ. ಸಿಕ್ಕಿತೆಂಬುದಕ್ಕೆ ಸಾಕ್ಷಿ 2017ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ದೊರೆಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಸಿದ್ಧಪಡಿಸಿದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಕಾರ್ಯಕ್ರಮ 20 ದಿನ, 1,20,000 ಕೈ ಆಡಿ ನಾಲ್ವರು ವೃತ್ತಿಪರ ಆಟಗಾರರನ್ನು ಸೋಲಿಸಿತು. ಕಂಪ್ಯೂಟರಿಗೆ ಮುಖವಿಲ್ಲ, ಬೆವರಿಲ್ಲ. ಆದರೂ ಅದು ಬ್ಲಫ್ ಮಾಡಿತು.

ಹಾಗಾದರೆ ಆ ಹುಡುಗ ಹೇಳಿದ್ದು ನಿಜವೇ? ಅರ್ಧ ನಿಜ. 1,20,000 ಕೈ ಆಡಿಸಿದ್ದೇಕೆ ಯೋಚಿಸಿ. ನೂರು ಕೈಯಲ್ಲಿ ಯಾರು ಜಾಣರೆಂದು ತಿಳಿಯುವುದಿಲ್ಲ, ಎಲೆಯ ಏರಿಳಿತ ಅಷ್ಟು ದೊಡ್ಡದು. ಕೌಶಲ ಕಾಣುವುದು ಸಾವಿರಾರು ಕೈಗಳ ಮೇಲೆ, ಕಿಸೆ ಖಾಲಿಯಾಗುವುದು ಒಂದು ರಾತ್ರಿಯಲ್ಲಿ. ಅಷ್ಟೇ ಅಲ್ಲ, ದುಡ್ಡಿಟ್ಟು ಆಡಿಸುವವರು ಪ್ರತಿ ರಾಶಿಯಿಂದ ಅಥವಾ ಗಂಟೆಯ ಲೆಕ್ಕದಲ್ಲಿ ತಮ್ಮ ಪಾಲು ತೆಗೆಯುತ್ತಾರೆ. ಆದ್ದರಿಂದ ಮೇಜಿನ ಸುತ್ತ ಇರುವ ಹಣ ಸುತ್ತು ಸುತ್ತಿಗೂ ಕರಗುತ್ತದೆ. ಎದುರಿನವರಿಗಿಂತ ಸ್ವಲ್ಪ ಜಾಣರಾದರೆ ಸಾಲದು, ಆ ಪಾಲನ್ನು ಮೀರುವಷ್ಟು ಜಾಣರಾಗಬೇಕು. ಬುದ್ಧಿಯ ಆಟ ಎಂಬ ಮಾತಿನಲ್ಲೇ ಹೊಸಬನಿಗೆ ಎಚ್ಚರಿಕೆ ಇತ್ತು: ಬುದ್ಧಿಯ ಆಟವಾದರೆ ಹೆಚ್ಚು ಬಲ್ಲವನು ಕಡಿಮೆ ಬಲ್ಲವನದನ್ನು ಗೆಲ್ಲುತ್ತಾನೆ. ಹುಡುಗ ಅದನ್ನು ತನ್ನ ಪರವಾದ ವಾದ ಎಂದುಕೊಂಡಿದ್ದ.

ಕಾನೂನಿಗೂ ಇದು ಸುಲಭವಾಗಿರಲಿಲ್ಲ. ಸುಪ್ರೀಂ ಕೋರ್ಟ್ 1960ರ ದಶಕದ ಕೊನೆಯಲ್ಲಿ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟ ಎಂದಿತು, ಮೂರೆಲೆಯನ್ನು ಅದೃಷ್ಟದ ಸಾಲಿನಲ್ಲಿಟ್ಟಿತು. ಪಶ್ಚಿಮ ಬಂಗಾಳದ 1957ರ ಕಾಯ್ದೆ ಪೋಕರನ್ನು ಹೆಸರಿಸಿಯೇ ಜೂಜಿನಿಂದ ಹೊರಗಿಟ್ಟರೆ, ಗುಜರಾತ್ ಹೈಕೋರ್ಟಿಗೆ 2017ರಲ್ಲಿ ಅದು ಜೂಜಾಗಿಯೇ ಕಂಡಿತು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದುಮಾಡಿತು. ಕೊನೆಗೆ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ಕಾಯ್ದೆ, ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಯನ್ನೇ ಬದಿಗಿಟ್ಟು, ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವುದನ್ನು ನಿಷೇಧಿಸಿದೆ. ಶಿಕ್ಷೆ ಆಡಿಸುವವರಿಗೆ, ಆಡುವವರಿಗಲ್ಲ. ಅರವತ್ತು ವರ್ಷ ವಕೀಲರು ಎಳೆದಾಡಿದ ಎಳೆಯನ್ನು ಒಂದೇ ಏಟಿಗೆ ಕತ್ತರಿಸಿದಂತಾಯಿತು. ಕೌಶಲದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ ಎಂದು ನನ್ನ ಭಾವನೆ.

ಆ ತಂದೆಗೆ ನಾನು ತಿರುಗಿ ಫೋನ್ ಮಾಡಿದೆ. ಇಷ್ಟನ್ನೂ ಹೇಳಲು ಒಂದು ಗಂಟೆ ಹಿಡಿಯಿತು. ಅವರು ಬರೆದುಕೊಂಡರು. ಕೆಲವು ದಿನ ಬಿಟ್ಟು ಅವರೇ ಮಾತನಾಡಿ, ಮಗನ ಜೊತೆ ಹುಣಸೆ ಬೀಜ ಇಟ್ಟುಕೊಂಡು ಮೂರು ರಾತ್ರಿ ಆಡಿದೆ, ಎರಡು ರಾತ್ರಿ ನಾನೇ ಗೆದ್ದೆ ಎಂದರು. ಶುಲ್ಕದ ಹಣ ಏನಾಯಿತು ಎಂದು ನಾನು ಕೇಳಲಿಲ್ಲ.

ಬರಿಯ ಬೀಜದಲ್ಲಿ ಆಡುವಾಗ ಒಂದು ತೊಂದರೆ ಇದೆ. ಕಳೆದುಕೊಳ್ಳಲು ಏನೂ ಇಲ್ಲದಿದ್ದರೆ ಎಲ್ಲರೂ ಶೂರರೇ, ಯಾರೂ ಎಲೆ ಬಿಡುವುದಿಲ್ಲ, ಬ್ಲಫ್ ನಡೆಯುವುದೇ ಇಲ್ಲ. ಅದಕ್ಕೆ ಒಂದು ಉಪಾಯ: ಬೀಜ ಮುಗಿದವರಿಗೆ ಮತ್ತೆ ಕೊಡಕೂಡದು, ಅವರೆದ್ದು ಉಳಿದವರಿಗೆ ಕಾಫಿ ತರಬೇಕು. ಆಗ ಕೈ ತಾನಾಗಿ ಬಿಗಿಯಾಗುತ್ತದೆ. ನಾನು 300 ಬೀಜ, ಒಂದು ಹೊಸ ಕಟ್ಟು ತಂದಿದ್ದೇನೆ. ಆರು ಜನ ಮುಂದೆ ಬನ್ನಿ. ಮೊದಲ ಎರಡು ಆಟ ಎಲ್ಲರ ಎಲೆಯನ್ನೂ ತೆರೆದಿಟ್ಟು ಆಡೋಣ, ಯಾರು ಎಲ್ಲಿ ಬಿಡಬೇಕಿತ್ತೆಂದು ಉಳಿದವರು ನಿಂತು ಹೇಳಬಹುದು.