ಲಾಕ್‌ಡೌನ್ ಬಿಲ್ ಕಟ್ಟಿದ್ದು ಯಾರು?

ಮಂಡ್ಯ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ ನಮಸ್ಕಾರ. ಇವತ್ತು ಒಂದು ಹಳೇ ಲೆಕ್ಕ ತೆಗೀತಿದ್ದೀನಿ.

2020ರ ಮಾರ್ಚ್ 24, ರಾತ್ರಿ 8 ಗಂಟೆ. ಪ್ರಧಾನಿ ಟಿವಿಗೆ ಬಂದು, ಮಧ್ಯರಾತ್ರಿಯಿಂದ 21 ದಿನ ಇಡೀ ದೇಶ ಬಂದ್ ಅಂದ್ರು. ಸಿಕ್ಕಿದ ಟೈಮು ನಾಲ್ಕೇ ಗಂಟೆ.

ನಮ್ಮ ಚಿಕ್ಕಪ್ಪ ಮದ್ದೂರಲ್ಲಿ ಆಟೋ ಓಡಿಸ್ತಾರೆ. ಮಾರನೇ ದಿನದಿಂದ ಆಟೋ ಮನೆ ಮುಂದೆ. ರಾಜ್ಯದಲ್ಲಿ ಆಟೋ ಮತ್ತೆ ರಸ್ತೆಗೆ ಇಳಿದಿದ್ದು ಮೇ 19ಕ್ಕೆ. ಅಂದ್ರೆ 55 ದಿನ ಸಂಪಾದನೆ ಇಲ್ಲ. ಸರ್ಕಾರ ಮೇ 6ಕ್ಕೆ ಪ್ಯಾಕೇಜ್ ಘೋಷಿಸ್ತು: ಆಟೋ, ಟ್ಯಾಕ್ಸಿ ಚಾಲಕರಿಗೆ, ಕ್ಷೌರಿಕರಿಗೆ, ಮಡಿವಾಳರಿಗೆ ತಲಾ 5,000 ರೂಪಾಯಿ. ಬಿ.ಕಾಂ ಓದಿದ್ದಕ್ಕೆ ಭಾಗಾಕಾರ ಮಾಡಿ ನೋಡ್ದೆ. ದಿನಕ್ಕೆ 91 ರೂಪಾಯಿ!

ಅದಕ್ಕೂ ಆನ್‌ಲೈನ್ ಅರ್ಜಿ. ಚಿಕ್ಕಪ್ಪನ ಹತ್ರ ಇದ್ದಿದ್ದು ಕೀಪ್ಯಾಡ್ ಫೋನು. ನನ್ನ ಮೊಬೈಲಲ್ಲೇ ಡಿಎಲ್, ಆಧಾರ್ ಫೋಟೋ ತೆಗೆದು ಹಾಕಿದ್ದಾಯ್ತು. ದಿನಾ ಸಂಜೆ ಅವರದ್ದು ಒಂದೇ ಪ್ರಶ್ನೆ: "ಏನ್ ಮಗ, ದುಡ್ ಬತ್ತದಾ, ಇಲ್ವಾ?"

ಸಾಲದ ಕಂತು ಮೂರು ತಿಂಗಳು ಮುಂದೂಡಬಹುದು ಅಂತ ಆರ್‌ಬಿಐ ಹೇಳಿತ್ತು, ಆಮೇಲೆ ಇನ್ನೂ ಮೂರು ತಿಂಗಳು ಕೊಡ್ತು. ಆದರೆ ಬಡ್ಡಿ ಓಡ್ತಾನೇ ಇತ್ತು. ಆಟೋ ನಿಂತಿದ್ರೂ ಆಟೋ ಸಾಲ ನಿಲ್ಲಲಿಲ್ಲ.

ಒಂದು ಮಾತು. ಲಾಕ್‌ಡೌನೇ ಬೇಡವಾಗಿತ್ತು ಅನ್ನೋರಲ್ಲಿ ನಾನಿಲ್ಲ. 2021ರ ಮೇ ತಿಂಗಳಲ್ಲಿ ನಮ್ಮ ಮಳವಳ್ಳಿಯಿಂದ ಏನೂ ದೂರವಲ್ಲದ ಚಾಮರಾಜನಗರದಲ್ಲಿ ಆಕ್ಸಿಜನ್ ದುರಂತ ಆಯ್ತು. ಒಂದೇ ದಿನದಲ್ಲಿ 24 ಜನ ಹೋದ್ರು ಅನ್ನೋ ಸುದ್ದಿ ಕೇಳಿ ಇಡೀ ರಾಜ್ಯ ನಡುಗಿತ್ತು. ಆಸ್ಪತ್ರೆ ತುಂಬಿದಾಗ ಜನ ಸೇರೋದನ್ನ ತಡೀಲೇಬೇಕು. ನನ್ನ ತಕರಾರು ಬಾಗಿಲು ಹಾಕಿದ್ದಕ್ಕಲ್ಲ. ಬಾಗಿಲು ಹಾಕಿದ್ದು ಎಲ್ಲರಿಗೋಸ್ಕರ ಅಂದ್ಮೇಲೆ, ಅದರ ಖರ್ಚು ಮಾತ್ರ ದಿನಗೂಲಿಯವರ ಜೇಬಿಂದ ಯಾಕೆ?

ಇನ್ನೊಂದು ಲೆಕ್ಕ ನಮ್ಮದೇ ತಪ್ಪಿನದ್ದು. ಕೆ.ಆರ್. ಪೇಟೆ, ನಾಗಮಂಗಲ ಕಡೆಯಿಂದ ಎಷ್ಟೋ ಜನ ಮುಂಬೈಗೆ ದುಡಿಯೋಕೆ ಹೋಗಿದ್ರು. ಹಬ್ಬಕ್ಕೆ ಬಂದಾಗ "ನಮ್ಮ ಹುಡುಗ". 2020ರ ಮೇನಲ್ಲಿ ಬಂದಾಗ "ರೋಗ ತಂದೋರು". ಊರ ದಾರಿಗೆ ಮುಳ್ಳು ಎಳೆದಿದ್ದು ಯಾವ ಸರ್ಕಾರಿ ಆದೇಶಾನೂ ಅಲ್ಲ, ನಾವೇ. ಮೇ 18ಕ್ಕೆ ರಾಜ್ಯವೂ ಮಹಾರಾಷ್ಟ್ರದಿಂದ ಬರೋರಿಗೆ ತಿಂಗಳ ಕೊನೇವರೆಗೂ ಬಾಗಿಲು ಹಾಕ್ತು. ಪರೀಕ್ಷೆ ಮಾಡಿ, ಕ್ವಾರಂಟೈನ್ ಮಾಡಿ, ಸರಿ. ಆದರೆ ಸ್ವಂತ ಊರಿಗೇ ಬರಬೇಡಿ ಅಂದ್ರೆ ಅವರು ಹೋಗೋದೆಲ್ಲಿಗೆ?

ಹಾಗಾದ್ರೆ ಪಾಠ ಏನು? ಉತ್ತರ ನಮ್ಮೂರ ಡೇರಿಯಲ್ಲೇ ಇದೆ. ಅಷ್ಟು ದೊಡ್ಡ ಬಂದ್‌ನಲ್ಲೂ ನಮ್ಮ ಚಿಕ್ಕಮ್ಮ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕ್ತಿದ್ರು, ದುಡ್ಡು ಖಾತೆಗೆ ಬರ್ತಿತ್ತು. ಯಾರು ಎಷ್ಟು ಲೀಟರ್ ಹಾಕ್ತಾರೆ ಅನ್ನೋ ಪಟ್ಟಿ ಮೊದಲೇ ಇತ್ತಲ್ಲ, ಅದಕ್ಕೆ. ಆ ಎರಡು ತಿಂಗಳು ಚಿಕ್ಕಪ್ಪನ ಮನೆ ನಡೆಸಿದ್ದು ಪ್ಯಾಕೇಜ್ ಅಲ್ಲ, ಎರಡು ಹಸು.

ಆಟೋ ಚಾಲಕರ ಪಟ್ಟೀನೂ ಆರ್‌ಟಿಒದಲ್ಲಿ ಇದ್ದೇ ಇತ್ತು. ಬ್ಯಾಂಕ್ ಖಾತೆ ನಂಬರ್ ಒಂದು ಮುಂಚೆನೇ ಸೇರಿಸಿಟ್ಟಿದ್ರೆ ಅರ್ಜಿ ಯಾಕೆ ಬೇಕಿತ್ತು? ಒಂದು ವರ್ಷ ಟೈಮ್ ಸಿಕ್ಕಿದ ಮೇಲೂ 2021ರ ಎರಡನೇ ಅಲೆಗೆ ಚಾಲಕರಿಗೆ ಘೋಷಿಸಿದ್ದು 3,000. ಹೆಚ್ಚಾಗೋದಿರಲಿ, ಕಡಿಮೆ ಆಯ್ತು.

ಮುಂದೆ ಯಾವತ್ತಾದ್ರೂ ಇಂಥ ಕಾಲ ಬಂದ್ರೆ, ಬಂದ್ ಆದೇಶದ ಜೊತೆಗೇ ದುಡ್ಡು ಖಾತೆಗೆ ಬೀಳ್ಬೇಕು. ಅದನ್ನ ಕೇಳೋಕೆ ಇನ್ನೊಂದು ರೋಗ ಬರೋವರೆಗೂ ಕಾಯಬಾರದು, ಈಗಲೇ ಕೇಳ್ಬೇಕು. ನಿಮ್ಮನೇಲಿ ಆ 55 ದಿನ ಹೇಗೆ ನಡೀತು? ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡಲ್ಲಿ ಕೇಳೋಣ.